ಏಳನೇ ನಿಯಮ

ಫೆಬ್ರವರಿ 3

ಅತ್ತಿಗೆಯವರಿಗೆ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅಣ್ಣನೇ ಎತ್ತಿಕೊಂಡ. ಕೊನೆಯ ಸಲ ದನಿ ತಗ್ಗಿಸಿ, "ಅವಳು ಮಾತಾಡಲ್ವಂತೆ ಕಣೇ. ಏನಿದ್ರೂ ಬರೆದು ಕಳಿಸ್ಲಿ ಅಂತಾಳೆ" ಎಂದ. ನೀನೇನು ಹೇಳ್ತೀಯ ಎಂದು ಕೇಳಿದ್ದಕ್ಕೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಬ್ಬರದೂ ಸರಿಯೇ ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಹಾಗಾಗಿ ಬರೆಯುತ್ತಿದ್ದೇನೆ. ನಾಲ್ಕು ತಿಂಗಳ ಮೇಲೆ ನನ್ನ ಅಕ್ಷರ ಕಂಡು ನೀವು ಹಿಗ್ಗುತ್ತೀರಿ ಎಂಬ ಭ್ರಮೆಯೇನೂ ನನಗಿಲ್ಲ.

ನಮ್ಮ 'ತೆಪ್ಪ' ಆಟ ಅಕ್ಟೋಬರಿನಲ್ಲಿ ಅಂಗಡಿಗೆ ಬಂತು. ನಾಲ್ಕು ಸಾವಿರ ಪೆಟ್ಟಿಗೆ. ಮೊದಲ ತಿಂಗಳು ಬರೀ ಹೊಗಳಿಕೆ. ಚಿತ್ರ ಚೆನ್ನಾಗಿದೆ, ಮರದ ಹುಟ್ಟುಗಳು ಮುದ್ದಾಗಿವೆ, ಹೀಗೆ. ಆಮೇಲೆ ದೂರು ಶುರುವಾಯಿತು. ಪ್ರಕಾಶಕರು ಬಂದ ಕಾಗದಗಳನ್ನೆಲ್ಲ ಒಂದು ಚಪ್ಪಲಿ ಡಬ್ಬದಲ್ಲಿ ತುಂಬಿ ನನ್ನ ಕೈಗಿಟ್ಟಿದ್ದಾರೆ. ಒಂದನ್ನು ಹಾಗೇ ಇಳಿಸುತ್ತೇನೆ:

"ಒಬ್ಬೊಬ್ಬರ ಕಡೆಯ ನಾಲ್ಕು ಜನ ಈ ದಡದಲ್ಲಿ. ನಾಲ್ವರನ್ನೂ ಮೊದಲು ಆಚೆ ದಡಕ್ಕೆ ದಾಟಿಸಿದವರು ಗೆದ್ದ ಹಾಗೆ. ಹುಟ್ಟು ಇಲ್ಲದೆ ತೆಪ್ಪ ಸಾಗದು. ಇಷ್ಟು ಅರ್ಥವಾಯಿತು. ಆದರೆ ಏಳನೇ ನಿಯಮದ ಪ್ರಕಾರ ಪ್ರತಿ ಸುತ್ತಿನಲ್ಲೂ ಎಲ್ಲರಿಗಿಂತ ಮುಂದಿರುವವರು ಎಲ್ಲರಿಗಿಂತ ಹಿಂದಿರುವವರಿಗೆ ತಮ್ಮ ಒಂದು ಹುಟ್ಟು ಕೊಡಬೇಕು. ಹಾಗಾದರೆ ಮುಂದೆ ಹೋಗುವ ದಡ್ಡ ಯಾರು? ನಾವು ನಾಲ್ವರೂ ಹಿಂದೆ ಉಳಿಯಲು ಪೈಪೋಟಿ ನಡೆಸಿದೆವು. ಎರಡೂವರೆ ಗಂಟೆ ಕಳೆದರೂ ಒಬ್ಬನೂ ಹೊಳೆ ದಾಟಲಿಲ್ಲ. ಎಂಟನೇ ನಿಯಮ ಯಾಕಿದೆ ಎಂಬುದಂತೂ ತಿಳಿಯಲೇ ಇಲ್ಲ."

ಮಿಕ್ಕ ಕಾಗದಗಳೂ ಇದನ್ನೇ ಹೇಳುತ್ತವೆ, ಇಷ್ಟು ಮರ್ಯಾದೆಯಿಂದಲ್ಲ.

ಹೋದ ವಾರ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ನಾಲ್ವರು ನಿವೃತ್ತ ನರ್ಸಮ್ಮಂದಿರನ್ನು ಕೂರಿಸಿ ಆಡಿಸಿದೆ. ನನ್ನ ಪದ್ಧತಿ ನಿಮಗೆ ಗೊತ್ತೇ ಇದೆ. ಪೆಟ್ಟಿಗೆ ಕೈಗೆ ಕೊಟ್ಟು ಮೂಲೆಯಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಂಡೆ. ಏನು ಕೇಳಿದರೂ ನಿಯಮ ಓದಿ ಎಂದಷ್ಟೇ ಹೇಳಿದೆ. ಅವರು ಓದಿದರು, ಸರಿಯಾಗಿಯೇ ಆಡಿದರು. ಮೂರು ಗಂಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತನ್ನ ಸರದಿ ಬರುವವರೆಗೆ ಒಬ್ಬಾಕೆ ಸ್ವೆಟರ್ ಹೆಣೆಯತೊಡಗಿದಳು. ಸ್ವೆಟರಿನ ಒಂದು ತೋಳು ಮುಗಿಯಿತು, ನನ್ನ ಆಟ ಮುಗಿಯಲಿಲ್ಲ.

ನಿಮ್ಮ ಅಡುಗೆಮನೆಯ ಮೇಜಿನಲ್ಲಿ ಇದೇ ಆಟ ನಲವತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ನಾವು ಮೂವರು ನಗುತ್ತ, ಜಗಳವಾಡುತ್ತ ಆಡಿದ್ದು ನನಗೆ ನೆನಪಿದೆ. ಇಲ್ಲಿ ಯಾಕೆ ಹೀಗಾಯಿತು ಎಂದು ಯೋಚಿಸಿ ತಲೆ ಕೆಟ್ಟುಹೋಗಿದೆ. ನೀವು ಪ್ರತಿ ಬದಲಾವಣೆಯನ್ನೂ ಕಾರಣ ಸಮೇತ ಬರೆದಿಡುತ್ತಿದ್ದ ನೀಲಿ ಪುಸ್ತಕ ನಿಮ್ಮಲ್ಲೇ ಇದೆ. ಅದನ್ನು ಕಳಿಸಿಕೊಡಿ. ಜೂನ್ ಕೊನೆಯೊಳಗೆ ಆಟ ಸರಿಹೋದರೆ ಎರಡನೇ ಮುದ್ರಣ, ಇಲ್ಲದಿದ್ದರೆ 'ತೆಪ್ಪ'ದ ಕಥೆ ಅಲ್ಲಿಗೆ ಮುಗಿಯಿತು ಎಂದಿದ್ದಾರೆ ಪ್ರಕಾಶಕರು.

ಉತ್ತರಕ್ಕೆ ಕಾಯುವ,
ನಿಮ್ಮ ನಾದಿನಿ


ಫೆಬ್ರವರಿ 18

ಗುಂಡಿಗೆ,

ಹೀಗೆ ಬರೆದಾಗಲೆಲ್ಲ ಇದು ನಿನ್ನ ಹೆಸರೋ ಎದೆಯ ಗುಂಡಿಗೆಯೋ ಎಂದು ನಾವಿಬ್ಬರೂ ನಗುತ್ತಿದ್ದೆವು. ನಾನು ಆ ಮನೆಗೆ ಬಂದಾಗ ನಿನಗೆ ಹನ್ನೊಂದು ವರ್ಷ. ಮನೆಯಲ್ಲಿ ಒಂದು ಅಂಗಿಗೂ ನೆಟ್ಟಗೆ ಗುಂಡಿ ಇರಲಿಲ್ಲ. ಎಲ್ಲವನ್ನೂ ಕಿತ್ತು ರಟ್ಟಿನ ಮೇಲೆ ಕಾಯಿ ಮಾಡಿ ಆಡುತ್ತಿದ್ದೆ. ಆ ಹೆಸರಿಟ್ಟವಳು ನಾನೇ. ಗುಂಡಿ ತೋಡುವುದನ್ನು ಕಲಿತದ್ದು ಆಮೇಲೆ, ನೀನಾಗಿಯೇ.

ನಿನ್ನ ಕಾಗದದಲ್ಲಿ ಎರಡು ತಪ್ಪುಗಳಿದ್ದವು. ತಿದ್ದಿ ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದ ಕೈ, ಸುಮ್ಮನಿರುವುದಿಲ್ಲ.

'ತೆಪ್ಪ' ಬಂದದ್ದು ಗೊತ್ತು. ನೀನು ಕಳಿಸಲಿಲ್ಲ. ನಿನ್ನ ಅಣ್ಣ ಅಂಗಡಿಯಿಂದ ತಂದರು. ಒಂದು ಪೆಟ್ಟಿಗೆಗೆ ಆರು ಮುಖ. ಆರರಲ್ಲೂ ಹುಡುಕಿದೆ. ಪಕ್ಕದಲ್ಲಿ ಚಿತ್ರ ಬರೆದವನ ಹೆಸರಿದೆ. ತಳದಲ್ಲಿ ರಟ್ಟು ಕತ್ತರಿಸಿದ ಕಾರ್ಖಾನೆಯ ಹೆಸರಿದೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ ಎಂದಿದೆ. ಮುಚ್ಚಳದ ಮೇಲೆ ನನ್ನ ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ ನಿನ್ನ ಹೆಸರಿದೆ. ನನ್ನ ಹೆಸರು ಪೆಟ್ಟಿಗೆಯ ಒಳಗೂ ಇಲ್ಲ, ಹೊರಗೂ ಇಲ್ಲ. ಸಾಸಿವೆ ಗಾತ್ರದಲ್ಲಿ ಎಲ್ಲಾದರೂ ಇರಬಹುದೆಂದು ನಿನ್ನ ಅಣ್ಣ ಭೂತಗನ್ನಡಿ ಹಿಡಿದು ನೋಡಿದರು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಒಂಬತ್ತು ವರ್ಷ ಪ್ರತಿ ಭಾನುವಾರ ನನ್ನ ಮೇಜಿನಲ್ಲಿ ಕೂತೆವು. ಅರವತ್ತೊಂದು ಸಲ ಆಟ ಬದಲಾಯಿತು. ಅರವತ್ತೊಂದು ಸಲವೂ ನಿಯಮ ಬರೆದವಳು ನಾನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರೆ. ನೀನಿನ್ನೂ ದಾಟಿಲ್ಲ, ಅದಕ್ಕೇ ಕಾಗದ ಬರೆದಿದ್ದೀಯ.

ನೀಲಿ ಪುಸ್ತಕ ಕಳಿಸುವುದಿಲ್ಲ. ಎರಡನೇ ಮುದ್ರಣದ ಮುಚ್ಚಳದ ಮೇಲೆ ನಿನ್ನ ಹೆಸರಿನ ಜೊತೆಗೆ, ಅದೇ ಗಾತ್ರದಲ್ಲಿ ನನ್ನ ಹೆಸರು ಹಾಕಿಸು. ಆಮೇಲೆ ಏಳನೇ ನಿಯಮದ ಮಾತು. ನನಗೆ ಬೇರೇನೂ ಬೇಡ.

ಅತ್ತಿಗೆ


ಮಾರ್ಚ್ 9

ಅತ್ತಿಗೆಯವರಿಗೆ,

ಆ ಎರಡು ತಪ್ಪು ಯಾವುವೆಂದು ಬರೆದಿದ್ದರೆ ಉಪಕಾರವಾಗುತ್ತಿತ್ತು. ತಪ್ಪು ತೋರಿಸುವುದಕ್ಕಿಂತ ತಪ್ಪಿದೆ ಎಂದು ಹೇಳುವುದರಲ್ಲೇ ನಿಮಗೆ ಮೊದಲಿನಿಂದಲೂ ಸುಖ.

ಹೆಸರಿನ ವಿಷಯ. ಒಂದೇ ಹೆಸರು ಸಾಕು ಎಂದವರು ಪ್ರಕಾಶಕರು. ಎರಡು ಹೆಸರಿದ್ದರೆ ಯಾರ ಆಟ ಎಂದು ಜನರ ಮನಸ್ಸಿನಲ್ಲಿ ಕೂರುವುದಿಲ್ಲವಂತೆ. ನನಗೆ ಅವರೊಡನೆ ಜಗಳ ಕಾಯುವ ಶಕ್ತಿ ಇರಲಿಲ್ಲ. ನಿಮಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟು ತಪ್ಪು ನನ್ನದು.

ಆದರೆ ಒಂದು ಮಾತು ಬಾಯಿಬಿಟ್ಟು ಹೇಳುತ್ತೇನೆ. ಅಡುಗೆ ಮಾಡಿದವಳು ನಾನು. ನೀವು ಬಡಿಸಿದಿರಿ. ಚೆನ್ನಾಗಿಯೇ ಬಡಿಸಿದಿರಿ, ಇಲ್ಲವೆನ್ನುವುದಿಲ್ಲ. ಹಾಗೆಂದು ಬಡಿಸಿದವರ ಹೆಸರನ್ನು ಯಾರೂ ಕೇಳುವುದಿಲ್ಲ.

ನನ್ನ ದಿನ ಹೇಗೆ ಹೋಗುತ್ತದೆ ಎಂದು ನಿಮಗೆ ಗೊತ್ತಿರಲಿ. ಬೆಳಿಗ್ಗೆ ಎದ್ದು ರಟ್ಟು ಕತ್ತರಿಸುತ್ತೇನೆ. ಬಿಲ್ಲೆಗಳ ಮೂಲೆಯನ್ನು ನೇಲ್ ಕಟರಿನಿಂದ ದುಂಡಗೆ ಮಾಡುತ್ತೇನೆ, ಚೂಪಾಗಿದ್ದರೆ ಆಡುವವರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಯೋಚಿಸುವುದಿಲ್ಲ. ಮಧ್ಯಾಹ್ನ ಒಬ್ಬಳೇ ನಾಲ್ಕು ಕುರ್ಚಿ ಹಾಕಿಕೊಂಡು ನಾಲ್ವರ ಆಟವನ್ನೂ ಆಡುತ್ತೇನೆ. ಈ ಕುರ್ಚಿಯಲ್ಲಿ ಕೂತಾಗ ಆ ಕುರ್ಚಿಯವಳ ಲೆಕ್ಕಾಚಾರ ಮರೆಯಬೇಕು. ಮೊದಲು ಮರೆಯುತ್ತಿದ್ದೆ, ಈಗ ಆಗುತ್ತಿಲ್ಲ. ಸಂಜೆ ಸಿಕ್ಕವರನ್ನು ಹಿಡಿದು ಕೂರಿಸುತ್ತೇನೆ. ಗಡಿಯಾರದ ಅಂಗಡಿಯವನು ನನ್ನನ್ನು ಕಂಡರೆ ಶಟರ್ ಎಳೆಯುತ್ತಾನೆ.

ಏಳನೇ ನಿಯಮಕ್ಕೆ ಈವರೆಗೆ ಹನ್ನೊಂದು ತೇಪೆ ಹಾಕಿದೆ. ಮುಂದಿರುವವರಿಗೆ ಒಂದು ಹೆಚ್ಚಿನ ಹೆಜ್ಜೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಗೆದ್ದರು. ಹುಟ್ಟುಗಳನ್ನು ಕಡಿಮೆ ಮಾಡಿದೆ. ಎಲ್ಲ ತೆಪ್ಪಗಳೂ ನಡುನೀರಿನಲ್ಲಿ ನಿಂತವು. ಏಳನೇ ನಿಯಮವನ್ನೇ ತೆಗೆದುಹಾಕಿದೆ. ಆಗ ಮೊದಲ ಐದು ನಿಮಿಷದಲ್ಲೇ ಯಾರು ಗೆಲ್ಲುತ್ತಾರೆ ಎಂದು ಗೊತ್ತಾಗಿ ಉಳಿದವರು ಆಕಳಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಎಲ್ಲಿಂದ ಬಂತು ಎಂದೇ ನನಗೆ ಗೊತ್ತಾಗುತ್ತಿಲ್ಲ.

ಪುಸ್ತಕ ಕಳಿಸಿ. ಕೇಳಿಕೊಳ್ಳುತ್ತಿದ್ದೇನೆ.

ಗುಂಡಿ


ಮಾರ್ಚ್ 30

ಗುಂಡಿಗೆ,

ಬಡಿಸಿದವಳು ಈ ಕಾಗದ ಬರೆಯುತ್ತಿದ್ದಾಳೆ.

ಇನ್ನು ಮೇಲೆ ಬಡಿಸುವವರಿಲ್ಲದೆ ಉಣ್ಣುವುದನ್ನು ಕಲಿ. ನರ್ಸಮ್ಮಂದಿರ ಮುಂದೆ ಪಾತ್ರೆ ಇಟ್ಟು ನೀನು ಮೂಲೆಯಲ್ಲಿ ಕೂತೆ. ಅವರು ಹಸಿದು ಎದ್ದು ಹೋದರು. ಅದು ಅಡುಗೆಯ ತಪ್ಪೋ ಬಡಿಸಿದ್ದರ ತಪ್ಪೋ ನೀನೇ ಹೇಳು.

ನಿನ್ನ ಕಾಗದವನ್ನು ನಿನ್ನ ಅಣ್ಣನಿಗೆ ಓದಲು ಕೊಟ್ಟೆ. ಓದಿ, ಕನ್ನಡಕ ತೆಗೆದು ಒರೆಸಿ, "ಅವಳು ಚಿಕ್ಕೋಳು" ಎಂದರು. ನಿನಗೆ ಮೂವತ್ತೊಂಬತ್ತು. ನೀನು ಎಷ್ಟನೇ ವರ್ಷಕ್ಕೆ ದೊಡ್ಡವಳಾಗುತ್ತೀಯ ಎಂದು ಕೇಳಿದ್ದಕ್ಕೆ ಎದ್ದು ನಲ್ಲಿ ರಿಪೇರಿಗೆ ಹೋದರು. ನಲ್ಲಿ ಸರಿಯಾಗಿಯೇ ಇತ್ತು.

ಮುಚ್ಚಳದ ಮೇಲೆ ಹೆಸರು. ಅದೇ ಗಾತ್ರ. ಇದರಲ್ಲಿ ಚೌಕಾಶಿ ಇಲ್ಲ.

ಅತ್ತಿಗೆ


ಏಪ್ರಿಲ್ 26

ಅತ್ತಿಗೆಯವರಿಗೆ,

ಪ್ರಕಾಶಕರ ಕಚೇರಿಗೆ ಹೋಗಿದ್ದೆ. ಎರಡು ಗಂಟೆ ವಾದ ಮಾಡಿದೆ. ಕೊನೆಗೆ ಒಪ್ಪಿದರು. ಮುಚ್ಚಳದ ಮೇಲೆ ನನ್ನ ಹೆಸರಿನ ಕೆಳಗೆ ನಿಮ್ಮ ಹೆಸರು ಬರುತ್ತದೆ, ಅದೇ ಗಾತ್ರ, ಅದೇ ಬಣ್ಣ. ಚಿತ್ರಕಾರನಿಗೂ ಹೇಳಿದ್ದಾರೆ. ತೆಪ್ಪದ ಚಿತ್ರವನ್ನು ಸ್ವಲ್ಪ ಕೆಳಗಿಳಿಸಿ ಜಾಗ ಮಾಡುತ್ತಾನಂತೆ.

ಹೆಸರನ್ನು ಹೇಗೆ ಅಚ್ಚು ಮಾಡಬೇಕೆಂದು ಬರೆದು ಕಳಿಸಿ, ತಪ್ಪಾಗಬಾರದು.

ಈಗಲಾದರೂ ಏಳನೇ ನಿಯಮ ಹೇಳಿ. ಇಪ್ಪತ್ತು ತೇಪೆಯಾಯಿತು. ನಿದ್ದೆಯಲ್ಲಿ ಹುಟ್ಟು ಎಣಿಸುತ್ತಿದ್ದೇನೆ. ಬಡಿಸಿದಿರಿ ಎಂದು ಬರೆಯಬಾರದಿತ್ತು.

ನಿಮ್ಮ,
ಗುಂಡಿ


ಮೇ 6

ಪ್ರೀತಿಯ ಗುಂಡಿಗೆ,

ಸಂತೋಷವಾಗಿದೆ. ಮುಚ್ಚಿಡುವುದೇನಿದೆ? ಮೂರು ಸಲ ಓದಿದೆ ನಿನ್ನ ಕಾಗದ. ನಿನ್ನ ಅಣ್ಣ ಅದನ್ನು ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡು ಕ್ಷೌರದಂಗಡಿಗೆ ಹೋಗಿ ಬಂದರು. ಅಲ್ಲಿ ಯಾರಿಗೆಲ್ಲ ಓದಿ ಹೇಳಿದರೋ ಕೇಳಬೇಡ.

ಹೆಸರನ್ನು ಹಿಂದಿನ ಹಾಳೆಯಲ್ಲಿ ಬಿಡಿಬಿಡಿಯಾಗಿ ಬರೆದಿದ್ದೇನೆ. ನನ್ನ ತಂದೆಯ ಹೆಸರಿನ ಮೊದಲ ಅಕ್ಷರ ಮುಂದೆ, ಚುಕ್ಕೆ, ಆಮೇಲೆ ಹೆಸರು. ಕೊನೆಯ ಅಕ್ಷರಕ್ಕೆ ದೀರ್ಘ ಬೇಕು. ಇಪ್ಪತ್ತೆರಡು ವರ್ಷ ಪರರ ಹೆಸರುಗಳ ಒತ್ತು, ದೀರ್ಘ ನೋಡಿದ್ದೇನೆ. ನನ್ನ ಹೆಸರು ಒಂದು ಸಲವೂ ಅಚ್ಚಾಗಿಲ್ಲ, ಲಗ್ನಪತ್ರಿಕೆ ಬಿಟ್ಟರೆ. ಅದರಲ್ಲೂ ದೀರ್ಘ ಬಿಟ್ಟುಹೋಗಿತ್ತು.

ಇನ್ನು ನಿಯಮ. ನೀಲಿ ಪುಸ್ತಕದ ಆ ಪುಟವನ್ನೇ ಕತ್ತರಿಸಿ ಇದರೊಡನೆ ಇಟ್ಟಿದ್ದೇನೆ. ಓದು: "ಮುಂದಿರುವವರು ಹಿಂದಿರುವವರಿಗೆ ಒಂದು ಹುಟ್ಟು ಕೊಡಬಹುದು." ಕೊಡಬಹುದು, ಗುಂಡಿ. ಅಚ್ಚಿನಲ್ಲಿ ಅದು ಕೊಡಬೇಕು ಎಂದಾಗಿಬಿಟ್ಟಿದೆ. ನೀನು ಇಪ್ಪತ್ತು ತೇಪೆ ಹಾಕಿದ ತೂತು ಅಷ್ಟೇ.

ಅದು ಹುಟ್ಟಿದ ದಿನ ನಿನಗೆ ಮರೆತುಹೋಗಿದೆ. ನಿನ್ನ ಅಣ್ಣ ಸತತ ನಾಲ್ಕು ಆಟ ಸೋತು ಮುಖ ಊದಿಸಿ ಏಳಲು ಹೊರಟಿದ್ದರು. ನಾನು ಮುಂದಿದ್ದೆ. ಅವರು ಎದ್ದು ಹೋದರೆ ಆಟ ನಿಲ್ಲುತ್ತದಲ್ಲ ಎಂದು ನನ್ನ ಒಂದು ಹುಟ್ಟನ್ನು ಅವರತ್ತ ತಳ್ಳಿದೆ. ಅವರು ಅನುಮಾನದಿಂದ, "ಕೊಡ್ಲೇಬೇಕಾ ಇದು?" ಎಂದರು. ಬೇಕಿಲ್ಲ, ಕೊಡಬಹುದು ಎಂದೆ. ಹಾಗಾದರೆ ನಿನಗೇನು ಲಾಭ ಎಂದು ಅವರು ಕೇಳಿದರು. ನನ್ನ ಕಡೆಯ ಒಬ್ಬಳನ್ನು ನಿಮ್ಮ ತೆಪ್ಪದಲ್ಲಿ ಕೂರಿಸಿಕೊಳ್ಳಿ ಎಂದೆ. ಅಲ್ಲಿಂದ ಮೂವರೂ ಗೋಗರೆಯುವುದು, ಆಣೆ ಇಡುವುದು, ಮಾತಿಗೆ ತಪ್ಪುವುದು ಶುರುವಾಯಿತು. ಹುಟ್ಟು ಕೊಡುವ ಮೊದಲು ಇಬ್ಬರೂ ಏನು ಬೇಕಾದರೂ ಮಾತಾಡಿಕೊಳ್ಳಬಹುದು ಎಂಬ ಎಂಟನೇ ನಿಯಮ ಬರೆದದ್ದು ಅದಕ್ಕೇ. ಕೊಡಲೇಬೇಕು ಎಂದಾದ ಮೇಲೆ ಯಾರು ಯಾರನ್ನು ಯಾಕೆ ಮಾತಾಡಿಸಬೇಕು? ನಿನ್ನ ನರ್ಸಮ್ಮಂದಿರು ಮುಖ ನೋಡದೆ ಕೂತದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಮೇಜಿನಲ್ಲಿ ಎಲ್ಲರೂ ಮಾತಾಡಿಕೊಂಡು ಕೊಟ್ಟೇ ಕೊಡುತ್ತಿದ್ದೆವು. ಹಾಗಾಗಿ ನಿನ್ನ ತಲೆಯಲ್ಲಿ ಅದು ಬೇಕು ಎಂದೇ ಕೂತಿರಬೇಕು. ಆಟ ಮಾಡಿದವರು ತಮ್ಮ ನಿಯಮವನ್ನು ತಾವು ಓದುವುದಿಲ್ಲ. ನಿನಗೆ ಅದನ್ನು ಎಷ್ಟು ಸಲ ಹೇಳಿದ್ದೇನೆ.

ಮುಚ್ಚಳದ ಕರಡು ಬಂದಾಗ ನನಗೊಂದು ಪ್ರತಿ ಕಳಿಸು. ಒಂದು ಭಾನುವಾರ ಬಾ.

ನಿನ್ನ ಅತ್ತಿಗೆ


ಜೂನ್ 5

ಅತ್ತಿಗೆಯವರಿಗೆ,

ಆಟ ಗೆದ್ದಿತು. ಆ ಒಂದು ಪದ ಬದಲಿಸಿ ಅದೇ ನಾಲ್ವರು ನರ್ಸಮ್ಮಂದಿರನ್ನು ಮತ್ತೆ ಕೂರಿಸಿದೆ. ಹತ್ತು ನಿಮಿಷಕ್ಕೆ ಒಬ್ಬಾಕೆ ಇನ್ನೊಬ್ಬಾಕೆಯನ್ನು ವಾರ್ಡಿನಲ್ಲಿ ಗದರಿಸುವ ದನಿಯಲ್ಲಿ ಗದರಿಸಿದಳು. ಸ್ವೆಟರ್ ಹೆಣೆಯುವಾಕೆ ಮೂವರಿಗೂ ಮಾತು ಕೊಟ್ಟು ಮೂವರಿಗೂ ಕೈಕೊಟ್ಟು ಗೆದ್ದಳು. ನಲವತ್ತೆರಡು ನಿಮಿಷ. ಗ್ರಂಥಾಲಯದವರು ಬಂದು ಸದ್ದು ಕಡಿಮೆ ಮಾಡಿ ಎಂದರು. ಮೂಲೆಯಲ್ಲಿ ಕೂತಿದ್ದ ನನಗೆ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲಿ ನಿಮ್ಮನ್ನು ನೆನೆದೆ.

ಅಲ್ಲಿಗೇ ಬಿಡಬೇಕಿತ್ತು. ನನ್ನ ಸ್ವಭಾವ ನಿಮಗೆ ಗೊತ್ತು. ಆಟ ಕೆಟ್ಟಾಗ ಎಲ್ಲಿ ಕೆಟ್ಟಿತು ಎಂದು ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ. 'ಕೊಡಬೇಕು' ಎಂದು ಟೈಪ್ ಮಾಡಿದ್ದು ನಾನೇ ಇರಬೇಕು. ನಿಮ್ಮ ಕೈಬರಹ ನೋಡಿ ಟೈಪ್ ಮಾಡುವಾಗ ಏಳನೆಯದನ್ನು ನೋಡದೆ, ತಲೆಯಲ್ಲಿದ್ದದ್ದನ್ನು ಹೊಡೆದಿದ್ದೇನೆ. ಒಪ್ಪಿಕೊಂಡೆ. ಆದರೆ ಅಚ್ಚಿಗೆ ಹೋಗುವ ಮುನ್ನ ಕರಡು ನಿಮ್ಮ ಕೈಗೆ ಬಂದಿತ್ತಲ್ಲ?

ಅಚ್ಚುಮನೆಗೆ ಹೋಗಿ ಹಳೆಯ ಕರಡು ಕೇಳಿದೆ. ಒಂದು ಗಂಟೆ ಹುಡುಕಿ ಕೊಟ್ಟರು. ಮೂರನೇ ಪುಟ, ನಿಮ್ಮ ಕೆಂಪು ಶಾಯಿ. ಆರನೇ ನಿಯಮದಲ್ಲಿ ಒಂದು ಅಲ್ಪವಿರಾಮ ಸೇರಿಸಿದ್ದೀರಿ. ಎಂಟನೇ ನಿಯಮದಲ್ಲಿ 'ಮಾತಡಿಕೊಳ್ಳಬಹುದು' ಎಂದಿದ್ದದ್ದಕ್ಕೆ ದೀರ್ಘ ಕೊಟ್ಟಿದ್ದೀರಿ. ಕೆಳಗೆ ನಿಮ್ಮ ಸಹಿ, ಆಗಸ್ಟ್ 2. ಆರಕ್ಕೂ ಎಂಟಕ್ಕೂ ನಡುವೆ ಇರುವ ಏಳನೆಯದಕ್ಕೆ ಒಂದು ಚುಕ್ಕೆಯೂ ತಾಗಿಲ್ಲ. ಅಂದಮೇಲೆ ಹೋದ ಕಾಗದದಲ್ಲಿ ನೀವು ಬರೆದ "ಅಚ್ಚಿನಲ್ಲಿ ಅದು ಕೊಡಬೇಕು ಎಂದಾಗಿಬಿಟ್ಟಿದೆ" ಎಂಬ ಮಾತು ನನಗೆ ಅರ್ಥವಾಗಲಿಲ್ಲ.

ನನ್ನ ಖಾಸಗಿ ಕಾಗದದಲ್ಲೂ ಎರಡು ತಪ್ಪು ಹಿಡಿಯುವವರು ನೀವು. ನೇರವಾಗಿ ಕೇಳುತ್ತೇನೆ. ಅದು ನಿಮ್ಮ ಕಣ್ಣಿಗೆ ಬಿದ್ದಿತ್ತೇ?

ಗುಂಡಿ


ಜೂನ್ 14

ಗುಂಡಿಗೆ,

ಬಿದ್ದಿತ್ತು.

ಸುಳ್ಳು ಹೇಳಲು ಎರಡು ಹಾಳೆ ಹರಿದೆ. ಆಮೇಲೆ ಬೇಡವೆನ್ನಿಸಿತು. ಆ ದಿನ ಲಕೋಟೆ ಬಂದಾಗ ಹನ್ನೊಂದು ಗಂಟೆ. ನಿಯಮದ ಕರಡಿನ ಜೊತೆ ಪ್ರಕಾಶಕರ ಕಚೇರಿಯವರು ಮುಚ್ಚಳದ ಕರಡನ್ನೂ ಸೇರಿಸಿಬಿಟ್ಟಿದ್ದರು. ನಿನಗೆ ಅದು ಗೊತ್ತಿರಲಿಲ್ಲ ಎಂದುಕೊಂಡಿದ್ದೇನೆ. ಮೊದಲು ಮುಚ್ಚಳ ನೋಡಿದೆ. ನಿನ್ನ ಹೆಸರು ನೋಡಿದೆ. ಇನ್ನೊಂದು ಹಾಳೆ ಇರಬಹುದೆಂದು ಲಕೋಟೆಯನ್ನು ಬುಡಮೇಲು ಮಾಡಿ ಕೊಡವಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಕೂತೆ. ಏಳನೇ ನಿಯಮಕ್ಕೆ ಬಂದಾಗ ಪೆನ್ನು ಕೈಯಲ್ಲೇ ಇತ್ತು. ತಿದ್ದಬಹುದಿತ್ತು. ತಿದ್ದಬೇಕು ಎಂದು ಯಾರೂ ಬರೆದಿರಲಿಲ್ಲ.

ಅದರಿಂದ ಆಟವೇ ಸಾಯುತ್ತದೆ ಎಂದು ಗೊತ್ತಿತ್ತೇ ಎಂದು ಕೇಳುತ್ತೀಯ. ಗೊತ್ತಿತ್ತು. ಆ ಆಟದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಆದರೆ ಇದನ್ನೂ ಕೇಳು. ಕರಡು ಬಂದದ್ದು ಆಗಸ್ಟ್ ಮೊದಲಲ್ಲಿ, ಆಟ ಅಚ್ಚಿಗೆ ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ. ನಡುವೆ ಎಂಟು ಭಾನುವಾರ ನೀನು ನನ್ನ ಮೇಜಿಗೆ ಬಂದು ಕೂತೆ. ಎಂಟು ಸಲ ಟೀ ಮಾಡಿ ಕೊಟ್ಟೆ. ಇವತ್ತು ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು ಕಾದೆ. ಅತ್ತಿಗೆ, ನಿಮ್ಮ ಹೆಸರು ಬರುತ್ತಿಲ್ಲ, ನನ್ನಿಂದಾಗಲಿಲ್ಲ ಎಂದಿದ್ದರೆ ಸಾಕಿತ್ತು. ಎದುರಿಗೇ ಫೋನ್ ಎತ್ತಿ ಆ ಪದ ಬದಲಿಸಿ ಎನ್ನುತ್ತಿದ್ದೆ. ನೀನು ಹೊಸ ಆಟದ ಬಿಲ್ಲೆಗಳ ಬಣ್ಣದ ಬಗ್ಗೆ ಮಾತಾಡಿದೆ. ಸೆಪ್ಟೆಂಬರ್ ಮುಗಿಯಿತು.

ಇಪ್ಪತ್ತೆರಡು ವರ್ಷದಲ್ಲಿ ನಾನು ಕಂಡೂ ಬಿಟ್ಟ ತಪ್ಪು ಅದೊಂದೇ. ನನ್ನ ಕೆಲಸಕ್ಕೆ ನಾನೇ ಮಸಿ ಬಳಿದುಕೊಂಡೆ ಎಂಬ ನಾಚಿಕೆ ನನಗಿದೆ. ನಿನ್ನ ವಿಷಯದಲ್ಲಿ ನಾಚಿಕೆ ಇದೆಯೇ ಎಂದು ಇನ್ನೂ ಗೊತ್ತಾಗಿಲ್ಲ.

ಮುಚ್ಚಳದ ಕರಡು ಇನ್ನೂ ಬಂದಿಲ್ಲ. ಅಂಚೆಯವನ ದಾರಿ ನೋಡುತ್ತಿದ್ದೇನೆ.

ಅತ್ತಿಗೆ


ಜುಲೈ 21

ಅತ್ತಿಗೆಯವರಿಗೆ,

ಎರಡನೇ ಮುದ್ರಣ ಹೊರಬಂದಿದೆ. ಇದರ ಜೊತೆ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ, ಈ ಸಲ ನಾನೇ. ಮುಚ್ಚಳದ ಮೇಲೆ ಹುಡುಕಬೇಡಿ. ನಿಮ್ಮ ಹೆಸರು ಅಲ್ಲಿಲ್ಲ. ಪ್ರಕಾಶಕರು ಹಾಕಿದ್ದರು, ಚಿತ್ರವನ್ನು ಕೆಳಗಿಳಿಸಿಯೂ ಆಗಿತ್ತು. ನಿಮ್ಮ ಕಾಗದ ಓದಿದ ಮರುದಿನ ಹೋಗಿ ತೆಗೆಸಿದವಳು ನಾನು.

ಪೆಟ್ಟಿಗೆ ತೆರೆದರೆ ಎಲ್ಲಕ್ಕಿಂತ ಮೇಲೆ ಒಂದು ಹಳದಿ ಚೀಟಿ ಇದೆ. ಮೊದಲ ಮುದ್ರಣ ಕೊಂಡವರಿಗೂ ಅಂಗಡಿಗಳ ಮೂಲಕ ಅದನ್ನೇ ಹಂಚುತ್ತಿದ್ದಾರೆ. ಅದರಲ್ಲಿ ಹೀಗಿದೆ: "ತಿದ್ದುಪಡಿ. ಮೊದಲ ಮುದ್ರಣದ ಏಳನೇ ನಿಯಮದಲ್ಲಿ 'ಕೊಡಬೇಕು' ಎಂದು ತಪ್ಪಾಗಿ ಅಚ್ಚಾಗಿತ್ತು. 'ಕೊಡಬಹುದು' ಎಂದು ಓದಿಕೊಳ್ಳಿ. ಮೊದಲ ಮುದ್ರಣದ ಕರಡು ತಿದ್ದಿದವರು:" ಅದರ ಮುಂದೆ ನಿಮ್ಮ ಹೆಸರು. ತಂದೆಯವರ ಅಕ್ಷರ, ಚುಕ್ಕೆ, ಕೊನೆಗೆ ದೀರ್ಘ. ಆ ಚೀಟಿಯ ಕರಡನ್ನು ನಾನೇ ಮೂರು ಸಲ ನೋಡಿದೆ. ಒಂದು ತಪ್ಪೂ ಇಲ್ಲ.

ಅಣ್ಣ ಫೋನ್ ಮಾಡಿದ್ದ, ಚೀಟಿಯ ವಿಷಯ ಅವನಿಗೆ ಇನ್ನೂ ಗೊತ್ತಿರಲಿಲ್ಲ. ಕ್ಷೌರದಂಗಡಿಯವರು ಹತ್ತು ಪೆಟ್ಟಿಗೆ ಬೇಕೆಂದಿದ್ದಾರಂತೆ. ಅವನಿಗೆ ಏನು ಹೇಳಬೇಕೋ ನೀವೇ ಹೇಳಿ. ಆ ಚೀಟಿ ಬರೆಯುವಾಗ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹಾಗೆಂದು ವಾಪಸು ಪಡೆಯುವುದೂ ಇಲ್ಲ. ನನ್ನ ಒಂಬತ್ತು ವರ್ಷವನ್ನು ನೀವು ಕಣ್ಣಾರೆ ನೋಡುತ್ತ ಮುಳುಗಿಸಿದಿರಿ.

ಎಂಟು ಭಾನುವಾರ ಕಾದೆ ಎಂದು ಬರೆದಿದ್ದೀರಿ. ಅದೊಂದಕ್ಕೆ ಉತ್ತರ ಕೊಡದೆ ಈ ಕಾಗದ ಮುಗಿಸಲು ಆಗುತ್ತಿಲ್ಲ. ನಾಲ್ಕು ದಿನದಿಂದ ಇದೇ ಸಾಲಿನಲ್ಲಿ ನಿಂತಿದ್ದೇನೆ. ಏಪ್ರಿಲಿನಲ್ಲಿ ಎರಡು ಗಂಟೆ ವಾದ ಮಾಡಿದೆ ಎಂದು ಬರೆದದ್ದು ಸುಳ್ಳು. ಐದು ನಿಮಿಷವೂ ಹಿಡಿಯಲಿಲ್ಲ. ಒಂದೇ ಹೆಸರು ಸಾಕು ಎಂದು ಪ್ರಕಾಶಕರು ಯಾವತ್ತೂ ಹೇಳಿರಲಿಲ್ಲ. ಮೊದಲ ಸಲ ಅವರು ಕೊಟ್ಟ ಫಾರಂನಲ್ಲಿ 'ಆಟ ರಚಿಸಿದವರು' ಎಂಬುದರ ಮುಂದೆ ಎರಡು ಗೆರೆಗಳಿದ್ದವು. ನಾನು ಮೊದಲನೆಯದನ್ನು ತುಂಬಿ ಕೊಟ್ಟೆ. ಕಚೇರಿಯಾಕೆ ಖಾಲಿ ಗೆರೆಯ ಮೇಲೆ ಬೆರಳಿಟ್ಟು, "ಇನ್ಯಾರಾದ್ರೂ ಇದ್ದಾರಾ ಮೇಡಂ?" ಎಂದು ಕೇಳಿದಳು. ಇಲ್ಲ ಎಂದೆ.

ಗುಂಡಿ